ಮೂರು ಕಾಳು ಗೋಧಿ

ಕಲಬುರಗಿಯ ನಮ್ಮ ಬಡಾವಣೆಯ ಹೆಣ್ಣುಮಕ್ಕಳ ಸಂಘದವರು ಒಂದು ಸಂಜೆ ಗೋಧಿಯಲ್ಲಿರುವ ಗ್ಲುಟನ್ ಬಗ್ಗೆ ಮಾತಾಡಲು ಕರೆದಿದ್ದರು. ಅಂದು ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ನಡುವೆ ಕರೆಂಟ್ ಹೋಗಿ, ಮೈಕ್ ಇಲ್ಲದೆ ಕೂಗಾಡಿದ ಭಾಗವನ್ನು ಸ್ವಲ್ಪ ತಣ್ಣಗೆ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ಶರಣು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮೂವತ್ತೆರಡು ವರ್ಷ ಔಷಧ ಅಂಗಡಿ ನಡೆಸಿ, ಈಗ ಮಗನ ಕೈಗೆ ಕೊಟ್ಟು ಕೂತವನು. ಇವತ್ತು ಹೇಳುವುದರಲ್ಲಿ ಅರ್ಧ ಓದಿ ತಿಳಿದದ್ದು, ಅರ್ಧ ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದು. ಆ ಎರಡನೆಯ ಅರ್ಧವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ.

ಬಾಗಿಲಲ್ಲೇ ಒಬ್ಬರು ಕೇಳಿದರು, "ಗ್ಲುಟನ್ ಅಂದ್ರ ಗ್ಲೂಕೋಸ್ ಏನ್ರಿ?" ಅಲ್ಲ. ಹೆಸರು ಮಾತ್ರ ಅಕ್ಕಪಕ್ಕ. ಏನು ಅಂತ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಇಲ್ಲಿ ಎರಡು ಬಟ್ಟಲು ಇವೆ. ಒಂದರಲ್ಲಿ ಗೋಧಿ ಹಿಟ್ಟಿನ ಕಣಕ, ಇನ್ನೊಂದರಲ್ಲಿ ಜೋಳದ ಹಿಟ್ಟು ಕಲಸಿದ ಮುದ್ದೆ. ಎರಡನ್ನೂ ನೀರಲ್ಲಿ ಹಿಚುಕುತ್ತಾ ತೊಳೆಯುತ್ತೇನೆ, ನೋಡಿ.

ಜೋಳದ್ದು ನೋಡಿದಿರಾ? ಕೈಯಲ್ಲಿ ಏನೂ ಉಳಿಯಲಿಲ್ಲ. ನೀರಲ್ಲಿ ಕದಡಿ ಹೋಯಿತು. ಗೋಧಿಯದ್ದು ಹಾಗಲ್ಲ. ಬಿಳಿ ನೀರು ಹೋಗುತ್ತಾ ಹೋಗುತ್ತಾ ಕೈಯಲ್ಲಿ ಒಂದು ಅಂಟಿನ ಗಡ್ಡೆ ನಿಂತಿತು. ಎಳೆದರೆ ರಬ್ಬರಿನ ಹಾಗೆ ಬರುತ್ತದೆ, ಬಿಟ್ಟರೆ ಹಿಂದೆ ಹೋಗುತ್ತದೆ. ಇದೇ ಗ್ಲುಟನ್. ನೂರು ಗ್ರಾಂ ಗೋಧಿ ಹಿಟ್ಟು ತೊಳೆದರೆ ಇಂಥ ಹಸಿ ಗಡ್ಡೆ ಅಂದಾಜು 25-30 ಗ್ರಾಂ ಸಿಗುತ್ತದೆ. ಒಣಗಿಸಿದರೆ ಎಂಟು ಹತ್ತು ಗ್ರಾಂ.

ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಚಪಾತಿ ಲಟ್ಟಿಸುತ್ತೀರಿ, ರೊಟ್ಟಿ ಬಡಿಯುತ್ತೀರಿ. ಯಾಕೆ? ಗೋಧಿಗೆ ಈ ಜಿಗಿ ಇದೆ, ಎಳೆದಷ್ಟು ಬರುತ್ತದೆ. ಜೋಳಕ್ಕೆ ಆ ಜಿಗಿ ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಕೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಇಲ್ಲಿ ಗ್ಲುಟನ್ ಇಲ್ಲ ಅಂತ ತಿಳಿಯಿರಿ. ಹಾಗಂತ ನಾನೂ ತಿಳಿದಿದ್ದೆ. ಅಲ್ಲಿಯೇ ಎಡವಿದ್ದು.

ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯದಲ್ಲಿ ಗ್ಲುಟನ್ ಇದೆ. ರೈ ನಮ್ಮ ಕಡೆ ಕಾಣುವುದೇ ಇಲ್ಲ, ಬಿಡಿ. ಹೆಚ್ಚಿನವರು ಇದನ್ನು ತಿಂದು ಅರಾಮ ಇರುತ್ತಾರೆ. ಸೀಲಿಯಾಕ್ ಅನ್ನುವ ಕಾಯಿಲೆ ಇರುವವರಿಗೆ ಇದು ಆಗಿಬರುವುದಿಲ್ಲ. ಸಣ್ಣ ಕರುಳಿನ ಒಳಮೈ ನಯವಾಗಿಲ್ಲ, ಟವೆಲ್‌ನ ಎಳೆಗಳ ಹಾಗೆ ಅಲ್ಲಿ ಸಾವಿರಾರು ಸಣ್ಣ ಬೆರಳುಗಳಿವೆ. ಊಟದ ಸತ್ವ ಹೀರುವುದು ಅವೇ. ಸೀಲಿಯಾಕ್ ಇರುವವರು ಗ್ಲುಟನ್ ತಿಂದರೆ ಅವರ ಮೈಯ ಕಾವಲುಪಡೆಯೇ ಆ ಬೆರಳುಗಳ ಮೇಲೆ ಬೀಳುತ್ತದೆ. ಟವೆಲ್ ಸವೆದು ಬರೀ ಬಟ್ಟೆ ಆಗುತ್ತದೆ. ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಗುಳಿಗೆ ಇಲ್ಲ. ಗ್ಲುಟನ್ ಬಿಟ್ಟರೆ ಬೆರಳುಗಳು ಮತ್ತೆ ಬೆಳೆಯುತ್ತವೆ, ಅಷ್ಟೇ ಔಷಧ.

ಇದನ್ನು ಕಂಡುಹಿಡಿದ ಕತೆ ಒಂದು ಹೇಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ವಿಲ್ಲೆಮ್ ಡಿಕೆ ಅಂತ ಒಬ್ಬ ಮಕ್ಕಳ ಡಾಕ್ಟರ್ ಇದ್ದರು. ಗೋಧಿಯ ಮೇಲೆ ಅವರಿಗೆ ಮೊದಲಿನಿಂದಲೇ ಅನುಮಾನ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45. ಅಲ್ಲಿ ಊಟಕ್ಕೇ ಭಾರೀ ಬರ. ಬ್ರೆಡ್ ಸಿಗುತ್ತಿಲ್ಲ, ಜನ ಹೂವಿನ ಗಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು! ಯುದ್ಧ ಮುಗಿದು ಬ್ರೆಡ್ ಬಂತು, ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಡಿಕೆ 1950ರಲ್ಲಿ ಇದರ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದರು.

ಈಗ ನಮ್ಮ ಮನೆಯ ವಿಷಯ.

ನನ್ನ ಮೊಮ್ಮಗಳಿಗೆ ಏಳು ವರ್ಷ ಇದ್ದಾಗ ಇದು ಗೊತ್ತಾಯಿತು. ಅದಕ್ಕೂ ಮೊದಲು ಎರಡು ವರ್ಷ ನಾವು ಸುಮ್ನೆ ಅಲೆದೆವು. ಎತ್ತರ ಬೆಳೆಯಲಿಲ್ಲ. ಮುಖ ಬಿಳಿಚಿತ್ತು. ಹೊಟ್ಟೆ ನೋವು ಅಂತಿದ್ದಳು. ಜಂತುವಿನ ಔಷಧ ಎಷ್ಟು ಸಲ ಕೊಟ್ಟೆನೋ ಲೆಕ್ಕವಿಲ್ಲ. ಕಬ್ಬಿಣದ ಟಾನಿಕ್ ಬಾಟಲಿ ಮೇಲೆ ಬಾಟಲಿ. ಅಂಗಡಿ ನಮ್ಮದೇ, ಕೇಳುವವರು ಯಾರು? ಇದು ಉತ್ತರ ಭಾರತದವರ ರೋಗ, ಜೋಳ ಅನ್ನ ತಿನ್ನುವ ನಮಗೆಲ್ಲಿ ಬರುತ್ತದೆ ಅನ್ನುವ ನಂಬಿಕೆ ಡಾಕ್ಟರುಗಳಲ್ಲೂ ಇತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ದೊಡ್ಡವರನ್ನು ಪರೀಕ್ಷೆ ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ಸಾವಿರಕ್ಕೆ ಎಂಟೊಂಬತ್ತು ಮಂದಿಗೆ ಈ ಕಾಯಿಲೆ ಇತ್ತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು. ಆದರೆ ಆ ಹತ್ತು ಸಾವಿರದಲ್ಲಿ ಒಬ್ಬರು ನಿಮ್ಮ ಮನೆಯಲ್ಲೇ ಇದ್ದರೆ ಲೆಕ್ಕ ಬೇರೆ ಆಗುತ್ತದೆ, ಅಲ್ವಾ?

ರಕ್ತ ಪರೀಕ್ಷೆ ಆಯಿತು, ಎಂಡೋಸ್ಕೋಪಿ ಆಯಿತು, ಕಾಯಿಲೆ ಖಾತ್ರಿ ಆಯಿತು. ಚಪಾತಿ, ಬ್ರೆಡ್, ಬಿಸ್ಕಿಟ್, ಉಪ್ಪಿಟ್ಟು ಎಲ್ಲ ಬಂದ್. ನಮಗೆ ಒಳಗೊಳಗೆ ಧೈರ್ಯ. ಯಾಕಂದರೆ ನಮ್ಮದು ಜೋಳದ ನಾಡು, ತೊಗರಿಯ ನಾಡು. ರೊಟ್ಟಿ, ಬೇಳೆ, ಪುಂಡಿಪಲ್ಯ, ಅನ್ನ, ಮಜ್ಜಿಗೆ, ಶೇಂಗಾ ಹಿಂಡಿ. ಎಳ್ಳ ಅಮಾವಾಸ್ಯೆಯ ಊಟವನ್ನೇ ತಗೊಳ್ಳಿ. ಸಜ್ಜಿ ರೊಟ್ಟಿ, ಜೋಳದ ಕಡಬು, ಭಜ್ಜಿ, ಅಂಬಲಿ. ಹೋಳಿಗೆಯೊಂದನ್ನು ಬಿಟ್ಟರೆ ಹೊಲದಲ್ಲಿ ಹಾಸಿದ ಇಡೀ ಊಟದಲ್ಲಿ ಗ್ಲುಟನ್ ಇಲ್ಲ. ದೆಹಲಿಯ ಮಗುವಿಗೆ ಕಷ್ಟ, ನಮ್ಮ ಮಗುವಿಗೇನು ಅಂದುಕೊಂಡೆವು.

ಒಂದು ವರ್ಷ ಕಳೆಯಿತು. ರಕ್ತದಲ್ಲಿ ಟಿಟಿಜಿ ಅನ್ನುವ, ಮೈಯ ಕಾವಲುಪಡೆ ಹುಟ್ಟಿಸುವ ಪ್ರತಿಕಾಯ ನೋಡುತ್ತಾರೆ, ಗ್ಲುಟನ್ ಬಿಟ್ಟವರಲ್ಲಿ ಅದು ಇಳಿಯುತ್ತಾ ಬರಬೇಕು. ಸ್ವಲ್ಪ ಇಳಿದು ನಿಂತುಬಿಟ್ಟಿತ್ತು. ಡಾಕ್ಟರ್ ಕೇಳಿದರು, "ಎಲ್ಲಿಂದಲೋ ಒಳಗೆ ಹೋಗ್ತಾ ಇದೆ. ಎಲ್ಲಿಂದ?"

ನಾನು ಔಷಧದ ಮನುಷ್ಯ. ಸುತ್ತಿಗೆ ಹಿಡಿದವನಿಗೆ ಮೊಳೆಯೇ ಕಾಣುವುದು. ಗುಳಿಗೆಗಳಿಂದಲೇ ಇರಬೇಕು ಅಂತ ತೀರ್ಮಾನಕ್ಕೆ ಬಂದೆ.

ಗುಳಿಗೆ ಅಂದರೆ ಬರೀ ಔಷಧ ಅಲ್ಲ. ಐದು ಮಿಲಿಗ್ರಾಂ ಔಷಧವನ್ನು ಹಾಗೇ ಕೊಟ್ಟರೆ ಬೆರಳಿಗೆ ಸಿಗುವುದಿಲ್ಲ. ಅದಕ್ಕೆ ಗಾತ್ರ ಬರಬೇಕು, ಒತ್ತಿದರೆ ಪುಡಿಯಾಗದೆ ನಿಲ್ಲಬೇಕು, ಹೊಟ್ಟೆಗೆ ಹೋದ ಮೇಲೆ ಒಡೆಯಬೇಕು. ಆ ಕೆಲಸಕ್ಕೆ ಸ್ಟಾರ್ಚ್, ಲ್ಯಾಕ್ಟೋಸ್, ಸೆಲ್ಯುಲೋಸ್ ಅಂತ ಏನೇನೋ ಸೇರಿಸುತ್ತಾರೆ. ಸ್ಟಾರ್ಚ್ ಬಹುತೇಕ ಮೆಕ್ಕೆಜೋಳದ್ದು ಅಥವಾ ಆಲೂಗಡ್ಡೆಯದ್ದು. ಅಪರೂಪಕ್ಕೆ ಗೋಧಿಯದ್ದೂ ಇರಬಹುದು. ನಿಮ್ಮ ಮನೆಯ ಯಾವುದಾದರೂ ಗುಳಿಗೆ ಪಟ್ಟಿ ತಿರುಗಿಸಿ ನೋಡಿ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಬಣ್ಣ ಯಾವುದು ಅಂತ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ "ಎಕ್ಸಿಪಿಯೆಂಟ್ಸ್ ಕ್ಯೂ.ಎಸ್." ಅಂತ ಇರುತ್ತದೆ. ಎಕ್ಸಿಪಿಯೆಂಟ್ ಅಂದರೆ ಆ ಉಳಿದ ಸಾಮಾನು. ಕ್ಯೂ.ಎಸ್. ಅಂದರೆ ಲ್ಯಾಟಿನ್‌ನಲ್ಲಿ "ಬೇಕಾದಷ್ಟು". ನಮ್ಮ ಅಡುಗೆಯವರು "ಉಪ್ಪು ರುಚಿಗೆ ತಕ್ಕಷ್ಟು" ಅಂತಾರಲ್ಲ, ಹಾಗೆ. ಮೂವತ್ತೆರಡು ವರ್ಷ ಆ ಎರಡು ಅಕ್ಷರಗಳನ್ನು ದಿನಾ ನೋಡಿದ್ದೆ. ಅದರೊಳಗೆ ಏನಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಕಂಪನಿಗಳಿಗೆ ಇಮೇಲ್ ಬರೆದೆ. ಬ್ಯಾಚ್ ನಂಬರ್ ಹಾಕಿ, "ಇದರಲ್ಲಿನ ಸ್ಟಾರ್ಚ್ ಯಾವ ಧಾನ್ಯದ್ದು?" ಅಂತ ಒಂದೇ ಪ್ರಶ್ನೆ. ಒಬ್ಬರು ನಾಲ್ಕೇ ದಿನಕ್ಕೆ "ಮೆಕ್ಕೆಜೋಳದ್ದು" ಅಂತ ಉತ್ತರ ಕೊಟ್ಟರು. ಉಳಿದವರದ್ದು ಮೌನ. ಮೌನ ನೋಡಿ ನನ್ನ ಅನುಮಾನ ಬಲಿಯಿತು. ಕಬ್ಬಿಣದ ಗುಳಿಗೆ ನಿಲ್ಲಿಸಿದೆ. ಕ್ಯಾಲ್ಸಿಯಂ ನಿಲ್ಲಿಸಿದೆ. ಡಾಕ್ಟರನ್ನು ಕೇಳಲಿಲ್ಲ. ಮೂರು ತಿಂಗಳಲ್ಲಿ ಮಗುವಿನ ಹಿಮೋಗ್ಲೋಬಿನ್ 10.2 ಇದ್ದದ್ದು 8.6ಕ್ಕೆ ಬಂತು. ಟಿಟಿಜಿ ಎಲ್ಲಿತ್ತೋ ಅಲ್ಲೇ ಇತ್ತು. ಬೈಸಿಕೊಂಡೆ. ಬೈದದ್ದು ಸರಿ.

ಆಮೇಲೆ ಕೂತು ಓದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಇದರ ಬಗ್ಗೆಯೇ ಒಂದು ಕರಡು ಮಾರ್ಗಸೂಚಿ ತಂದಿತ್ತು. ಬಾಯಿಂದ ತಗೊಳ್ಳುವ ಬಹುತೇಕ ಔಷಧಗಳಲ್ಲಿ ಗ್ಲುಟನ್ ಇಲ್ಲ, ಅಥವಾ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೋಧಿ ಸ್ಟಾರ್ಚನ್ನೇ ಹಾಕಿದರೂ ಒಂದು ಡೋಸಿನಲ್ಲಿ ಅರ್ಧ ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಲಿಕ್ಕಿಲ್ಲ ಅಂತ ಅವರ ಅಂದಾಜು. ಯಾಕಂದರೆ ಸ್ಟಾರ್ಚ್ ಅಂದರೆ ಈಗ ತೊಳೆದೆವಲ್ಲ, ಆ ಬಿಳಿ ನೀರಿನ ಭಾಗ. ಅಂಟು ಬಟ್ಟಲಲ್ಲೇ ಉಳಿಯಿತು, ಅದಕ್ಕೆ ಹತ್ತಿಕೊಂಡು ಬರುವುದು ಚೂರುಪಾರು.

ಅರ್ಧ ಮಿಲಿಗ್ರಾಂ ದೊಡ್ಡದಾ, ಚಿಕ್ಕದಾ? ಇಲ್ಲಿಯೇ ಮೂರು ಕಾಳಿನ ಲೆಕ್ಕ ಬರುವುದು. ಸೀಲಿಯಾಕ್ ಇರುವವರಿಗೆ ದಿನಕ್ಕೆ 10 ಮಿಲಿಗ್ರಾಂ ಒಳಗಿನ ಗ್ಲುಟನ್ ಸಾಮಾನ್ಯವಾಗಿ ಕರುಳನ್ನು ಕೆಡಿಸುವುದಿಲ್ಲ ಅಂತ ತಿಳಿದವರು ಹೇಳುತ್ತಾರೆ. ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಕರುಳು ಕೆಟ್ಟಿತು. ಈಗ ಒಂದು ಕಾಳು ಗೋಧಿ ತೂಗಿ. ಸುಮಾರು 40 ಮಿಲಿಗ್ರಾಂ. ಅದರಲ್ಲಿ ಗ್ಲುಟನ್ ಮೂರೂವರೆ, ನಾಲ್ಕು ಮಿಲಿಗ್ರಾಂ. ಹತ್ತರ ಗೆರೆ ಮುಟ್ಟಲು ಮೂರು ಕಾಳು ಸಾಕು. ನಾನು ಹೆದರಿ ನಿಲ್ಲಿಸಿದ ಗುಳಿಗೆ, ತೀರಾ ಕೆಟ್ಟ ಲೆಕ್ಕ ಹಿಡಿದರೂ, ಒಂದು ಕಾಳಿನ ಎಂಟನೇ ಒಂದು ಭಾಗ.

ಅಷ್ಟು ದಿನ ನಾನು ಕಾಳಿನ ಎಂಟನೇ ಭಾಗದ ಹಿಂದೆ ಓಡುತ್ತಿದ್ದಾಗ, ಹಿಡಿ ಹಿಡಿ ಗೋಧಿ ಬೇರೆ ಬಾಗಿಲಿನಿಂದ ಮನೆಗೆ ಬರುತ್ತಿತ್ತು. ಅದನ್ನು ಕಂಡವಳು ನನ್ನ ಹೆಂಡತಿ.

ಒಂದು ದಿನ ಜೋಳ ಬೀಸಿಸಲು ಗಿರಣಿಗೆ ತಾನೇ ಹೋದಳು. ಯಾವಾಗಲೂ ಡಬ್ಬಿ ಇಟ್ಟು ಬರುವುದು, ಸಂಜೆ ತರುವುದು ನಮ್ಮ ರೂಢಿ. ಅವತ್ತು ಅಲ್ಲೇ ನಿಂತಳು. ಮುಂದಿನವರದ್ದು ಗೋಧಿ. ಬೀಸಿ ಮುಗಿಯಿತು. ಗಿರಣಿಯವನು ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಎರಡು ಸಲ ಝಾಡಿಸಿದ, ನಮ್ಮ ಜೋಳ ಮೇಲೆ ಸುರಿದ. ಮೊದಲು ಬಂದ ಹಿಟ್ಟಿನ ಬಣ್ಣವೇ ಬೇರೆ. ಕೆಂಪು ಛಾಯೆ. ಆಮೇಲೆ ನಿಧಾನಕ್ಕೆ ಬೆಳ್ಳಗಾಯಿತು.

"ಅಲ್ಲಪಾ, ಇದ್ರಾಗ ಅವರ ಗೋಧಿ ಹಿಟ್ಟು ಬಂತಲ್ಲ?"

"ಬರ್ತದ್ರಿ ಅವ್ವಾರ, ಒಂದೀಟು ಒಳಗ ನಿಂತಿರ್ತದ. ಹಿಟ್ಟಿಗೆ ಹಿಟ್ಟು ಕೂಡಿದ್ರ ಏನಾಗ್ತದ?"

ಅವನ ತಪ್ಪೇನೂ ಇಲ್ಲ. ನೂರು ವರ್ಷದಿಂದ ಗಿರಣಿ ನಡೆಯುವುದೇ ಹಾಗೆ. ನಿಮ್ಮದು ಒಂದು ಹಿಡಿ ಇನ್ನೊಬ್ಬರಿಗೆ ಹೋಗುತ್ತದೆ, ಅವರದ್ದು ಒಂದು ಹಿಡಿ ನಿಮಗೆ ಬರುತ್ತದೆ, ಯಾರಿಗೂ ಮೋಸ ಇಲ್ಲ.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಕಲ್ಲಿನ ನಡುವೆ, ತೋಳಿನೊಳಗೆ ಒಂದು ಹಿಡಿ ಉಳಿದಿತ್ತು ಅನ್ನಿ, 40 ಗ್ರಾಂ. ಅದರಲ್ಲಿ ಗ್ಲುಟನ್ ಮೂರು ಸಾವಿರ ಮಿಲಿಗ್ರಾಂ ಮೀರುತ್ತದೆ. ಅದು ನಮ್ಮ ಐದು ಕಿಲೊ ಜೋಳಕ್ಕೆ ಸೇರಿದರೆ ಕಿಲೊಗೆ ಆರುನೂರರ ಮೇಲೆ. ಪ್ಯಾಕೆಟ್ ಮೇಲೆ "ಗ್ಲುಟನ್ ಫ್ರೀ" ಅಂತ ಬರೆಯಬೇಕಾದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಗಡಿ ಕಿಲೊಗೆ 20 ಮಿಲಿಗ್ರಾಂ. ಇಪ್ಪತ್ತೆಲ್ಲಿ, ಆರುನೂರೆಲ್ಲಿ! ಮಗು ದಿನಕ್ಕೆ ಎರಡು ರೊಟ್ಟಿ ತಿಂದರೆ, ನೂರು ಗ್ರಾಂ ಹಿಟ್ಟು ಹಿಡಿಯಿರಿ, ಅರವತ್ತು ಮಿಲಿಗ್ರಾಂ ಗ್ಲುಟನ್. ಇಟಲಿಯಲ್ಲಿ ಕರುಳು ಕೆಡಿಸಿದ ಲೆಕ್ಕಕ್ಕಿಂತ ಜಾಸ್ತಿ. ಅದೂ ಜೋಳದ ರೊಟ್ಟಿಯಲ್ಲಿ. ಡಾಕ್ಟರ್ ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದ ಮನೆಯಲ್ಲಿ.

ನಾವೀಗ ಮನೆಯಲ್ಲೇ ಬೀಸುವ ಸಣ್ಣ ಗಿರಣಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಗೋಧಿ ಮುಟ್ಟಿಸುವುದಿಲ್ಲ. ದುಡ್ಡು ಹೆಚ್ಚಾಯಿತು ಅನ್ನುವವರು ಜೋಳಕ್ಕೇ ಬೇರೆ ಕಲ್ಲು ಇರುವ ಗಿರಣಿ ಹುಡುಕಿ. ದೊಡ್ಡ ಗಿರಣಿಗಳಲ್ಲಿ ಜೋಳ, ಗೋಧಿ, ಖಾರಕ್ಕೆ ಬೇರೆ ಬೇರೆ ಇರುತ್ತವೆ. ಆದರೆ ಅಲ್ಲೇ ನಿಂತು ಕಣ್ಣಾರೆ ನೋಡಿ. ಬೆಳಿಗ್ಗೆ ಮೊದಲು ಹೋದರೆ ಸಾಕು ಅನ್ನುವ ಉಪಾಯ ನಂಬಬೇಡಿ, ನಿನ್ನೆ ರಾತ್ರಿಯ ಗೋಧಿ ಅಲ್ಲೇ ಕಾಯುತ್ತಿರುತ್ತದೆ. ಅಟ್ಟದ ಮೇಲೆ ಅಜ್ಜಿಯ ಕಾಲದ ಬೀಸುವ ಕಲ್ಲು ಬಿದ್ದಿದ್ದರೆ ಚೆನ್ನಾಗಿ ತೊಳೆದು ಇಳಿಸಿ. ಒಬ್ಬ ಮಗುವಿನ ಹಿಟ್ಟಿಗೆ ಅದು ಧಾರಾಳ.

ಗಿರಣಿ ಕಂಡ ಮೇಲೆ ಉಳಿದವು ಒಂದೊಂದಾಗಿ ಕಾಣತೊಡಗಿದವು. ಖಾನಾವಳಿಯ ರೊಟ್ಟಿ. ಒಡೆಯದೆ ಮೆತ್ತಗೆ ಬರಲಿ ಅಂತ ಕೆಲವರು ಒಂದು ಹಿಡಿ ಗೋಧಿ ಹಿಟ್ಟು ಸೇರಿಸುತ್ತಾರೆ, ಸಂಜೆಯಾದರೂ ಮಡಚಲು ಬರುವ ರೊಟ್ಟಿ ಕಂಡರೆ ಕೇಳಿಯೇ ತಿನ್ನಿ. ಮನೆಯ ಹೆಂಚು. ಚಪಾತಿ ಬೇಯಿಸಿದ ಹೆಂಚಿನ ಮೇಲೆ ಒಣಹಿಟ್ಟು ಸುಟ್ಟು ಕೂತಿರುತ್ತದೆ, ಅದರ ಮೇಲೆಯೇ ರೊಟ್ಟಿ ಹಾಕುತ್ತಿದ್ದೆವು. ಈಗ ಅವಳದ್ದು ಬೇರೆ ಹೆಂಚು, ಬೇರೆ ಪರಾತ. ಮಿರ್ಚಿ ಭಜಿ ಕಡಲೆ ಹಿಟ್ಟಿನದ್ದೇ, ಆದರೆ ಅದೇ ಎಣ್ಣೆಯಲ್ಲಿ ಮುಂಜಾನೆ ಸಮೋಸಾ ಮುಳುಗಿ ಎದ್ದಿರುತ್ತದೆ. ತಹರಿಗೆ ತೊಂದರೆ ಇಲ್ಲ, ಅಕ್ಕಿ. ಮಾಲ್ಪುರಿಗೆ ಮೈದಾ ಬೇಕು, ಅದು ಬೇಡ. ರಂಜಾನಿನಲ್ಲಿ ಹಲೀಮ್ ತಿನ್ನುವವರು ಬರೀ ಮಾಂಸ ಅಂದುಕೊಳ್ಳುತ್ತಾರೆ. ಅದಕ್ಕೆ ಆ ಗಟ್ಟಿತನ ಬರುವುದೇ ಗೋಧಿಯಿಂದ, ಎಷ್ಟೋ ಕಡೆ ಬಾರ್ಲಿಯೂ ಇರುತ್ತದೆ.

ಇಂಗು. ಇದು ನನಗೂ ಗೊತ್ತಿರಲಿಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಹಳದಿ ಇಂಗಿನ ಪುಡಿ ಬರೀ ಇಂಗಲ್ಲ. ಅಪ್ಪಟ ಇಂಗು ಗಿಡದ ಅಂಟು, ವಾಸನೆ ತಡೆಯಲಾಗದಷ್ಟು ಘಾಟು. ಅದಕ್ಕೆ ಗೋಂದು, ಹಿಟ್ಟು ಸೇರಿಸಿ ಕಟ್ಟುತ್ತಾರೆ. ಕಾನೂನೇ ಒಪ್ಪಿದ ಪದ್ಧತಿ ಇದು. ಆ ಹಿಟ್ಟು ಬಹಳ ಸಲ ಗೋಧಿಯದ್ದು, ಕೆಲವು ಸಲ ಅಕ್ಕಿಯದ್ದು. ಡಬ್ಬಿಯ ಹಿಂದೆ ಬರೆದಿರುತ್ತದೆ, ಓದುವವರಿಲ್ಲ. ಒಂದು ಚಿಟಿಕೆಯಿಂದ ಇಡೀ ಪಾತ್ರೆಗೆ ಹೋಗುವ ಗ್ಲುಟನ್ ಎಂಟು ಹತ್ತು ಮಿಲಿಗ್ರಾಂ ಇರಬಹುದು. ಐದು ಜನ ಹಂಚಿಕೊಂಡರೆ ಒಬ್ಬರಿಗೆ ಎರಡು. ಅದೊಂದೇ ಆದರೆ ದೊಡ್ಡ ಅಪಾಯವಲ್ಲ. ಆದರೆ ಇಂಗು ಸಾರಲ್ಲಿದೆ, ಉಪ್ಪಿನಕಾಯಲ್ಲಿದೆ, ಹಪ್ಪಳದಲ್ಲಿದೆ, ಮಜ್ಜಿಗೆಯಲ್ಲಿದೆ, ಹೊಟ್ಟೆ ಉಬ್ಬರಕ್ಕೆ ಕೊಡುವ ಚೂರ್ಣದಲ್ಲೂ ಇದೆ. ಅಕ್ಕಿ ಹಿಟ್ಟಿನ ಇಂಗು ಸಿಗುವಾಗ ಗೋಧಿಯದ್ದು ಯಾಕೆ?

ಈ ಮೇಜಿನ ಮೇಲೆ ಹರಡಿರುವ ಪ್ಯಾಕೆಟ್‌ಗಳನ್ನು ಹೋಗುವಾಗ ತಿರುಗಿಸಿ ನೋಡಿ. ರಾಗಿ ಬಿಸ್ಕಿಟ್ ಅಂತ ಮುಂದೆ ದೊಡ್ಡ ರಾಗಿ ತೆನೆ. ಹಿಂದೆ ಪಟ್ಟಿಯಲ್ಲಿ ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್". ಅಂದರೆ ಮೈದಾ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಹಾಗಾಗಿ ಇದು ರಾಗಿ ಸೋಕಿದ ಮೈದಾ ಬಿಸ್ಕಿಟ್. ರಾಗಿ ಶಾವಿಗೆಯೂ ಎಷ್ಟೋ ಸಲ ಹೀಗೆಯೇ. ಇಡ್ಲಿ ರವಾ ಅಕ್ಕಿಯದ್ದು, ಅದು ಇರಲಿ. ರವಾ ಇಡ್ಲಿ ಗೋಧಿಯದ್ದು, ಅದು ಬೇಡ. ಹೆಸರು ತಿರುವುಮುರುವು ಆದರೆ ಕಾಳೇ ಬದಲು!

"ಮಾಲ್ಟ್" ಅನ್ನುವ ಮಾತಿನ ಮೇಲೆ ಕಣ್ಣಿಡಿ. ಪ್ಯಾಕೆಟ್ ಮೇಲೆ ಬರೀ ಮಾಲ್ಟ್ ಅಂತ ಇದ್ದರೆ ಮೊಳಕೆ ಬರಿಸಿದ ಬಾರ್ಲಿ ಅಂತಲೇ ತಿಳಿಯಿರಿ. ಹಾಲಿಗೆ ಹಾಕುವ ಪುಡಿಗಳು, ಕಾರ್ನ್‌ಫ್ಲೇಕ್ಸ್, ಕೆಲವು ಚಾಕೊಲೇಟು, ಮಕ್ಕಳ ಕೆಲವು ಟಾನಿಕ್, ಎಲ್ಲದರಲ್ಲೂ ಸಿಹಿಗೆ, ಬಣ್ಣಕ್ಕೆ ಇದನ್ನು ಹಾಕುತ್ತಾರೆ. ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಬೇರೆ, ಅದು ರಾಗಿಯದ್ದೇ ಮೊಳಕೆ. ಅಂಗಡಿಯ ರಾಗಿ ಮಾಲ್ಟ್ ಆದರೆ ಹಿಂದೆ ಓದಬೇಕು. ಗೋಬಿ ಮಂಚೂರಿಗೆ ಮೈದಾ ಇರುವುದು ಎಲ್ಲರಿಗೂ ಗೊತ್ತು. ಮೈದಾ ಬಿಟ್ಟು ಕಾರ್ನ್‌ಫ್ಲೋರ್ ಹಾಕಿ ಮಾಡಿಕೊಡಿ ಅಂದರೂ ಆಗುವುದಿಲ್ಲ, ಮೇಲೆ ಸುರಿಯುವ ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಓದಲು ಒಂದು ಒಳದಾರಿ ಇದೆ. 2020ರ ಲೇಬಲ್ ನಿಯಮದ ಪ್ರಕಾರ ಅಲರ್ಜಿ ತರುವ ವಸ್ತುಗಳನ್ನು ಬೇರೆಯಾಗಿ "ಕಂಟೇನ್ಸ್" ಅಂತ ಬರೆಯಬೇಕು. ಗ್ಲುಟನ್ ಇರುವ ಧಾನ್ಯ ಆ ಪಟ್ಟಿಯಲ್ಲಿದೆ. ಹಾಗಾಗಿ ಇಪ್ಪತ್ತು ಸಾಲು ಓದಲು ಕಣ್ಣು ಸಾಲದಿದ್ದರೆ ಮೊದಲು ಆ ಒಂದು ಸಾಲು ಹುಡುಕಿ. "ಮೇ ಕಂಟೇನ್" ಅಂತ ಇದ್ದರೆ ಬೆರೆತಿರಬಹುದು ಅಂತ ಅರ್ಥ. ನಾವು ಅದನ್ನೂ ಬಿಡುತ್ತೇವೆ. ತೊಂದರೆ ಇರುವುದು ಬಿಡಿ ಸಾಮಾನಿನಲ್ಲಿ. ತೂಕಕ್ಕೆ ತರುವ ಖಾರಾ, ಶೇವ್, ಚೂಡಾ, ಸಾಂಬಾರ್ ಪುಡಿ. ಅವಕ್ಕೆ ಲೇಬಲ್ಲೂ ಇಲ್ಲ, ಕೇಳಿದರೆ "ಏನೂ ಇಲ್ರಿ, ಬರೇ ಕಡ್ಲಿ ಹಿಟ್ಟು" ಅಂತಾರೆ. ಸುಳ್ಳು ಹೇಳಬೇಕು ಅಂತ ಅಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಔಷಧಕ್ಕೆ ಮತ್ತೆ ಬರುತ್ತೇನೆ. ನಾನು ಈಗ ಮಾಡುವುದು ಇಷ್ಟು. ಚೀಟಿ ಬರೆಯುವಾಗಲೇ ಡಾಕ್ಟರಿಗೆ ಸೀಲಿಯಾಕ್ ಅಂತ ನೆನಪಿಸುತ್ತೇವೆ. ತಿಂಗಳುಗಟ್ಟಲೆ ನುಂಗುವ ಗುಳಿಗೆಯಾದರೆ ಕಂಪನಿಗೆ ಬರೆದು ಕೇಳುತ್ತೇವೆ. ಮೂರು ದಿನದ ಆಂಟಿಬಯಾಟಿಕ್ ಆದರೆ ಕೊಟ್ಟುಬಿಡುತ್ತೇವೆ. ಉತ್ತರ ಬರುವ ತನಕ ಯಾವ ಗುಳಿಗೆಯನ್ನೂ ನಿಲ್ಲಿಸುವುದಿಲ್ಲ. ಬ್ರ್ಯಾಂಡ್ ಬದಲಾದರೆ ಒಳಗಿನ ಸ್ಟಾರ್ಚೂ ಬದಲಾಗಬಹುದು, ಅದಕ್ಕೆ ಒಂದೇ ಬ್ರ್ಯಾಂಡ್ ಹಿಡಿದಿದ್ದೇವೆ. ಆಯುರ್ವೇದದ ಡಬ್ಬಿಗಳಲ್ಲಿ "ಗೋಧೂಮ" ಅಂದರೆ ಗೋಧಿ, "ಯವ" ಅಂದರೆ ಬಾರ್ಲಿ. ಮೈಗೆ ಹಚ್ಚುವ ಮುಲಾಮಿಗೆ ಯೋಚನೆ ಬೇಡ, ಗ್ಲುಟನ್ ಕೆಲಸ ಮಾಡುವುದು ಹೊಟ್ಟೆಗೆ ಹೋದಾಗ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಖಪಲಿ ಗೋಧಿ ತಿನ್ನಬಹುದಾ ಅಂತ ಕೇಳಿದರು, ಅದರಲ್ಲಿ ಗ್ಲುಟನ್ ಇಲ್ಲವಂತೆ. ಇದೆ. ಅದೂ ಗೋಧಿಯ ಜಾತಿಯೇ. ಇನ್ನೊಂದು ಗೊಂದಲ ಕೇಳಿ. ನಮ್ಮಲ್ಲಿ ಕೆಲವರು ಖಪಲಿಗೆ ಜವೆ ಗೋಧಿ ಅಂತಾರೆ, ಕೆಲವರು ಬಾರ್ಲಿಗೆ ಜವೆ ಗೋಧಿ ಅಂತಾರೆ. ಸೀಲಿಯಾಕ್ ಇರುವವರು ಆ ಜಗಳಕ್ಕೆ ಹೋಗಬೇಕಾಗಿಲ್ಲ, ಎರಡೂ ಬೇಡ. ಬೇಸಿಗೆಯಲ್ಲಿ ಉರಿಮೂತ್ರಕ್ಕೆ ಕುಡಿಸುವ ಬಾರ್ಲಿ ನೀರೂ ಬೇಡ.

ಬೀದರಿನಿಂದ ಮದುವೆಯಾಗಿ ಬಂದ ಹುಡುಗಿ ನಾನಕ್ ಝೀರಾ ಗುರುದ್ವಾರದ ಪ್ರಸಾದದ ಬಗ್ಗೆ ಕೇಳಿದಳು. ಕಡಾ ಪ್ರಸಾದ ಗೋಧಿ ಹಿಟ್ಟು, ತುಪ್ಪ, ಸಕ್ಕರೆಯದ್ದು. ನಮ್ಮ ಗುಡಿಗಳ ಸಜ್ಜಕ, ಶಿರಾ ಕೂಡ ಹಾಗೇ. ನಮ್ಮ ಮೊಮ್ಮಗಳು ಕೈಯೊಡ್ಡಿ ತಗೊಂಡು ಕಣ್ಣಿಗೊತ್ತಿ ನನ್ನ ಕೈಗೆ ಹಾಕುತ್ತಾಳೆ. ನನಗೆ ಶುಗರ್ ಇದೆ, ಅದು ಬೇರೆ ಕತೆ. ಉಪವಾಸದ ದಿನ ಮಾತ್ರ ಅವಳದ್ದೇ ರಾಜ್ಯ, ಸಾಬುದಾಣಿ, ಶೇಂಗಾ, ಆಲೂಗಡ್ಡೆ.

"ನನಗೂ ಹೊಟ್ಟೆ ಉಬ್ಬರ ಇದೆ, ನಾಳೆಯಿಂದ ಗೋಧಿ ಬಿಡಲಾ?" ಅಂತ ಒಬ್ಬರು. ದಯವಿಟ್ಟು ಬಿಡಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಪ್ರತಿಕಾಯ ಇಳಿದುಹೋಗಿ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಕಾಯಿಲೆ ಇಲ್ಲದವರು ದುಬಾರಿ ಗ್ಲುಟನ್ ಫ್ರೀ ಬಿಸ್ಕಿಟ್ ತಿಂದು ಗಳಿಸುವುದು ಏನೂ ಇಲ್ಲ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ಮಾತ್ರ ಅಪ್ಪ ಅಮ್ಮ, ಅಣ್ಣ ತಂಗಿಯರೂ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇದು ಮನೆತನದಲ್ಲಿ ಹರಿಯುವ ಕಾಯಿಲೆ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಆಯಿ ಎದ್ದು ನಿಂತರು. "ಗಿರಣಿ ಮನ್ಯಾಗ ತಂದ್ರಿ, ಛಲೋ ಆತು. ಜ್ವಾಳದಾಗೇ ಗೋಧಿ ಕಾಳು ಕೂಡಿ ಬಂದ್ರ?"

ಸಭೆಯಲ್ಲಿ ಅತಿ ಒಳ್ಳೆಯ ಪ್ರಶ್ನೆ ಅದು. ಬರುತ್ತವೆ. ಹಿಂಗಾರಿನಲ್ಲಿ ಜೋಳದ ಪಕ್ಕದಲ್ಲೇ ಗೋಧಿ ಬೆಳೆಯುತ್ತಾರೆ, ಅದೇ ಚೀಲಕ್ಕೆ ತುಂಬುತ್ತಾರೆ, ಅದೇ ಅಂಗಡಿಯಲ್ಲಿ ಅಳೆಯುತ್ತಾರೆ. ಅದಕ್ಕೆ ಹಸನು ಮಾಡುವುದೊಂದೇ ದಾರಿ. ನಮ್ಮ ಮನೆಯಲ್ಲಿ ಆ ಕೆಲಸ ಮೊಮ್ಮಗಳದ್ದು. ಈಗ ಅವಳಿಗೆ ಹನ್ನೊಂದು ವರ್ಷ. ರವಿವಾರ ಅವಳ ಆಯಿ ಮೊರದಲ್ಲಿ ಜೋಳ ಹರವಿ ಕೊಡುತ್ತಾಳೆ, ಇವಳು ಬಗ್ಗಿ ಕೂತು ಆರಿಸುತ್ತಾಳೆ. ಸಿಕ್ಕ ಗೋಧಿ ಕಾಳುಗಳನ್ನು ಹಳೆಯ ಗುಳಿಗೆ ಬಾಟಲಿಯಲ್ಲಿ ಹಾಕಿಡುತ್ತಾಳೆ. ಕಳೆದ ರವಿವಾರ ಐದು ಕಿಲೊಗೆ ಹನ್ನೊಂದು ಸಿಕ್ಕವು. "ಮುತ್ಯಾ, ಇದು ಎಷ್ಟಾಯ್ತು?" ಅಂದಳು. ಲೆಕ್ಕ ಹಾಕಿದೆವು. ಹನ್ನೊಂದು ಕಾಳು, ನಾಲ್ಕರಂತೆ ನಲವತ್ನಾಲ್ಕು ಮಿಲಿಗ್ರಾಂ. ಐದು ಕಿಲೊಗೆ ಹಂಚಿದರೆ ಕಿಲೊಗೆ ಒಂಬತ್ತು. ಇಪ್ಪತ್ತರ ಒಳಗೇ ಇತ್ತು, ಆರಿಸದಿದ್ದರೂ ನಡೆಯುತ್ತಿತ್ತು ಅಂದೆ. ಬಾಟಲಿಯ ಮುಚ್ಚಳ ಹಾಕಿ, ಮತ್ತೊಂದು ಮೊರ ಜೋಳ ಕೇಳಿದಳು.